ಕಡ್ಲೆಕಾಯಿ ಹೊಲಕ್ಕೆ ಗೂಬೆ ಬರಿಸಿಕೊಳ್ಳುವುದು ಹೇಗೆ

ಹೊಲದ ಇಲಿ ಹಿಡಿಯಲೆಂದು ಗೂಬೆಗೆ ಗೂಡಿನ ಪೆಟ್ಟಿಗೆ ಕಟ್ಟುವ ಮಾತು ಆಮೇಲೆ. ಮೊದಲು ಮನೆಯಲ್ಲಿರುವ ಇಲಿಪಾಷಾಣದ ಪೊಟ್ಟಣ ತೆಗೆದು, ಅದರ ಮೇಲೆ ಏನು ಬರೆದಿದೆ ನೋಡಿ. ಬ್ರೋಮಾಡಿಯೋಲೋನ್ ಎಂದಿದ್ದರೆ, ಆ ಹೊಲದಲ್ಲಿ ಪೆಟ್ಟಿಗೆ ಕಟ್ಟುವುದೂ ಗೂಬೆಯನ್ನು ಕರೆದು ಕೊಲ್ಲುವುದೂ ಒಂದೇ. ಈ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಅಂದೇ ಸಾಯುವುದಿಲ್ಲ. ನಾಲ್ಕೈದು ದಿನ ಓಡಾಡಿಕೊಂಡಿದ್ದು, ಒಳಗೊಳಗೇ ರಕ್ತ ಸೋರಿ ಬಳಲಿ, ಹಗಲು ಹೊತ್ತಿನಲ್ಲೇ ಬಿಲದಿಂದಾಚೆ ಬಂದು ತೂಕಡಿಸುತ್ತ ಕೂರುತ್ತದೆ. ಗೂಬೆಗೂ ಹದ್ದಿಗೂ ಸುಲಭವಾಗಿ ಸಿಗುವುದು ಇಂಥ ಇಲಿಯೇ. ಹಕ್ಕಿಯ ಪಿತ್ತಜನಕಾಂಗದಲ್ಲಿ (ಲಿವರ್) ಆ ವಿಷ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಇಲಿಯಿಂದ ಸಾಯದ ಗೂಬೆ ನಾಲ್ಕನೆಯದರಿಂದ ಸಾಯಬಹುದು, ಇಲ್ಲವೇ ಸಣ್ಣದೊಂದು ಗಾಯವಾದರೂ ರಕ್ತ ನಿಲ್ಲದೆ ಸಾಯಬಹುದು.

ಜಿಂಕ್ ಫಾಸ್ಫೈಡ್ ಕಥೆ ಬೇರೆ. ಆ ಕಪ್ಪು ಪುಡಿ ಹೊಟ್ಟೆಯ ಆಮ್ಲ ತಗುಲಿದ ಕೂಡಲೇ ವಿಷದ ಗಾಳಿಯಾಗುತ್ತದೆ. ಇಲಿ ಕೆಲವೇ ಗಂಟೆಗಳಲ್ಲಿ, ಬಹುಪಾಲು ಬಿಲದೊಳಗೇ ಸಾಯುತ್ತದೆ. ಇದರಿಂದ ಗೂಬೆಗೆ ಅಪಾಯ ಕಡಿಮೆ, ಆದರೆ ಕೋಳಿ, ನವಿಲು, ನಾಯಿ, ಮಕ್ಕಳಿಗೆ ಕಡಿಮೆಯಲ್ಲ. ಹಾಕಲೇಬೇಕಾಗಿ ಬಂದರೆ ಬಿಲದೊಳಕ್ಕೆ ಹಾಕಿ ಬಾಯಿ ಮುಚ್ಚಿ. ಮಾರನೆಯ ಬೆಳಿಗ್ಗೆ ಬದುವಿನುದ್ದಕ್ಕೂ ನಡೆದು, ಸತ್ತ ಇಲಿಗಳನ್ನು ಆರಿಸಿ ಎರಡಡಿ ಆಳಕ್ಕೆ ಹೂಳಿ. ತಿಪ್ಪೆಗೆ ಎಸೆದರೆ ಅದು ಹದ್ದಿನ ಪಾಲು.

ಪಕ್ಕದ ಹೊಲದವರನ್ನೂ ಒಪ್ಪಿಸಬೇಕು, ಇದೇ ಕಷ್ಟದ ಕೆಲಸ. ಗೂಬೆ ರಾತ್ರಿ ಒಂದೆರಡು ಕಿಲೋಮೀಟರ್ ಸುತ್ತಿ ಬೇಟೆಯಾಡುತ್ತದೆ, ನಿಮ್ಮ ಬದು ಎಲ್ಲಿಗೆ ಮುಗಿಯಿತೆಂದು ಅದಕ್ಕೆ ಗೊತ್ತಿಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆಯಂತೆ ಕಡ್ಲೆಕಾಯಿ ಹೊಲಗಳು ಒತ್ತೊತ್ತಾಗಿರುವ ಕಡೆ ನಾಲ್ಕೈದು ಮನೆಯವರು ಸೇರಿ ವಿಷ ನಿಲ್ಲಿಸಿದರೆ ಮಾತ್ರ ಪೆಟ್ಟಿಗೆಗೆ ಹಾಕಿದ ದುಡ್ಡು ದಂಡವಾಗುವುದಿಲ್ಲ.

ಇಲಿ ಎಷ್ಟಿದೆ ಎಂದು ಮೊದಲೇ ತಿಳಿದಿರಲಿ

ಸಂಜೆ ಹೊಲದ ಎಲ್ಲ ಬಿಲಗಳ ಬಾಯನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಎಷ್ಟು ತೆರೆದಿವೆಯೋ ಅಷ್ಟು ಬಿಲದಲ್ಲಿ ಇಲಿ ಇದೆ. ಲೆಕ್ಕವನ್ನು ದಿನಾಂಕ ಹಾಕಿ ಬರೆದಿಡಿ. ಪೆಟ್ಟಿಗೆ ಕಟ್ಟಿದ ಮೇಲೆ ತಿಂಗಳಿಗೊಮ್ಮೆ ಹೀಗೇ ಮಾಡಿದರೆ ಗೂಬೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಊಹೆಯಿಲ್ಲದೆ ಗೊತ್ತಾಗುತ್ತದೆ. ಗೂಬೆ ಇಲಿಯನ್ನು ನಿರ್ನಾಮ ಮಾಡುವುದಿಲ್ಲ, ಹೆಚ್ಚದಂತೆ ಹಿಡಿದಿಡುತ್ತದೆ. ಬಿಲ ವಿಪರೀತ ಇದ್ದರೆ ಬೇಸಿಗೆಯಲ್ಲೇ ಅಗಲ ಬದುಗಳನ್ನು ಅಗೆದು ಸಣ್ಣದು ಮಾಡಿ, ಬೋನಿಟ್ಟು ಹಿಡಿದು, ಆಮೇಲೆ ಉಳಿದದ್ದನ್ನು ಗೂಬೆಗೆ ಬಿಡಿ. ರಾಗಿ ಮೆದೆಯನ್ನು ನೇರ ನೆಲದ ಮೇಲೆ ಒಟ್ಟುವುದು ಇಲಿಗೆ ಮನೆ ಕಟ್ಟಿಕೊಟ್ಟಂತೆ. ಕಲ್ಲುಕಂಬಗಳ ಮೇಲೆ ಎರಡಡಿ ಎತ್ತರದಲ್ಲಿ ಅಟ್ಟ ಹಾಕಿ ಒಟ್ಟಿದರೆ ಅರ್ಧ ಕಾಟ ತಪ್ಪುತ್ತದೆ.

ಮೊದಲು ಗೂಟ, ಆಮೇಲೆ ಪೆಟ್ಟಿಗೆ

ಹಕ್ಕಿ ಕೂರಲು ನೆಡುವ ಗೂಟಕ್ಕೆ ಖರ್ಚು ಕಡಿಮೆ, ಫಲ ಬೇಗ. ರಾತ್ರಿ ಕಣಜ ಗೂಬೆ, ಅಂದರೆ ಹೃದಯದಾಕಾರದ ಬಿಳಿ ಮುಖದ್ದು, ಬಂದು ಕೂರುತ್ತದೆ. ಹಾಲಕ್ಕಿ, ಅಂದರೆ ಚುಕ್ಕೆಗಳ ಸಣ್ಣ ಗೂಬೆ, ಮುಸ್ಸಂಜೆಗೇ ಬರುತ್ತದೆ. ಅದು ಮಿಡತೆ, ಜೀರುಂಡೆ ಜೊತೆಗೆ ಸಣ್ಣ ಇಲಿಯನ್ನೂ ತಿನ್ನುತ್ತದೆ. ಹಗಲಲ್ಲಿ ಬೂದು ಬೆನ್ನು, ಕಪ್ಪು ಭುಜ, ಕೆಂಪು ಕಣ್ಣಿನ ಸಣ್ಣ ಹದ್ದೊಂದು ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತಿರುವುದನ್ನು ಬಯಲುಸೀಮೆಯವರೆಲ್ಲ ನೋಡಿರುತ್ತೀರಿ. ಅದರ ಊಟ ಬಹುಪಾಲು ಇಲಿಯೇ. ಕೋಳಿಮರಿ ಒಯ್ಯುತ್ತದೆಂದು ಅದಕ್ಕೆ ಕಲ್ಲು ಬೀರುವುದು ದೊಡ್ಡ ಅನ್ಯಾಯ. ಮರಿ ಹೊತ್ತೊಯ್ಯುವುದು ಹೆಚ್ಚಾಗಿ ಕಂದು ಬಣ್ಣದ, ಕವಲು ಬಾಲದ ಹದ್ದು.

ಹದಿನಾಲ್ಕು ಅಡಿಯ ಬಿದಿರಿನ ಅಥವಾ ನೀಲಗಿರಿಯ ಗಳು (ಉದ್ದ ಕೋಲು) ತೆಗೆದುಕೊಳ್ಳಿ. ಎರಡಡಿ ನೆಲದೊಳಗೆ, ಹನ್ನೆರಡು ಅಡಿ ಮೇಲೆ. ತುದಿಗೆ ಒಂದೂವರೆಯಿಂದ ಎರಡಡಿಯ ಅಡ್ಡಪಟ್ಟಿ, ಸುಮಾರು ಒಂದೂವರೆ ಇಂಚು ದಪ್ಪದ್ದು, ತೊಗಟೆ ಸುಲಿಯದೆ. ನುಣುಪಾದ ಕೋಲಾದರೆ ಸೆಣಬಿನ ಹಗ್ಗ ಬಿಗಿಯಾಗಿ ಸುತ್ತಿ. ಪಿವಿಸಿ ಪೈಪು ಬೇಡ: ಉಗುರು ಹಿಡಿಯುವುದಿಲ್ಲ, ಮೇಲಾಗಿ ಬಾಯಿ ತೆರೆದ ಪೈಪಿನೊಳಗೆ ಸಣ್ಣ ಹಕ್ಕಿಗಳು ಇಳಿದು ಹತ್ತಲಾರದೆ ಸಾಯುತ್ತವೆ. ಎಕರೆಗೆ ನಾಲ್ಕೈದು ಸಾಕು; ಹೊಲದ ನಡುವೆ ಸಾಲಾಗಿ ನೆಡದೆ, ಬೆಳಿಗ್ಗೆ ಬಾಯಿ ತೆರೆದ ಬಿಲಗಳಿದ್ದ ಬದುವಿನ ಹತ್ತಿರ ನೆಡಿ. 11 ಕೆ.ವಿ. ವಿದ್ಯುತ್ ತಂತಿಯಿಂದ ಕನಿಷ್ಠ ನೂರಡಿ ದೂರವಿರಲಿ. ಕಂಬದ ಅಡ್ಡಪಟ್ಟಿಯ ಮೇಲೆ ಕೂತ ದೊಡ್ಡ ಹಕ್ಕಿಯ ಎರಡೂ ರೆಕ್ಕೆ ಒಟ್ಟಿಗೆ ತಂತಿಗಳಿಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಇನ್ನು, ರಾಗಿ, ಜೋಳ ತೆನೆ ಕಟ್ಟುವಾಗ ಗಿಡ್ಡ ಗೂಟಗಳೇನಾದರೂ ಇದ್ದರೆ ಕಿತ್ತುಬಿಡಿ, ಕಾಳು ತಿನ್ನುವ ಹಕ್ಕಿಗಳಿಗೆ ಅವು ಕೂರುವ ಜಾಗವಾಗುತ್ತವೆ.

ಪೆಟ್ಟಿಗೆಯ ಅಳತೆ

12 ಮಿ.ಮೀ. ದಪ್ಪದ, ನೀರು ತಡೆಯುವ ಪ್ಲೈವುಡ್ ಎಂಟಡಿ ನಾಲ್ಕಡಿಯದು ಒಂದು ಹಾಳೆ ತಂದರೆ ಒಂದು ಪೆಟ್ಟಿಗೆಗೆ ಸಾಕಾಗಿ ಸ್ವಲ್ಪ ಮಿಗುತ್ತದೆ. ತಳ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಎತ್ತರ ಎರಡಡಿ. ಎರಡಡಿ ಅಗಲದ ಮುಂಭಾಗದಲ್ಲಿ, ಒಂದು ಮೂಲೆಗೆ ಸರಿದಂತೆ, ಐದು ಇಂಚು ಚೌಕದ ಬಾಗಿಲು ಕೊರೆಯಿರಿ. ಈ ಬಾಗಿಲಿನ ಕೆಳ ಅಂಚು ತಳದಿಂದ ಒಂದೂವರೆ ಅಡಿ ಮೇಲಿರಬೇಕು. ಬಡಗಿಗಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಪಾರಿವಾಳದ ಗೂಡಿನಂತೆ ಬಾಗಿಲನ್ನು ತಳಕ್ಕೆ ಹತ್ತಿರ ಇಟ್ಟುಬಿಡುತ್ತಾರೆ. ಗೂಬೆಮರಿ ಹಾರಲು ಕಲಿಯುವ ಮೊದಲೇ ಬಾಗಿಲಿಗೆ ಬಂದು ಊಟಕ್ಕೆ ಕೂಗುತ್ತದೆ, ಅಲ್ಲಿ ನೂಕುನುಗ್ಗಲಲ್ಲಿ ಕೆಳಗೆ ಬೀಳುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಊಟ ಕೊಡುವುದು ಅಪರೂಪ. ಆಳದ ಪೆಟ್ಟಿಗೆಯಾದರೆ ರೆಕ್ಕೆ ಬಲಿತ ಮರಿ ಮಾತ್ರ ಬಾಗಿಲು ಮುಟ್ಟುತ್ತದೆ.

ಬಾಗಿಲ ಕೆಳಗೆ ಹೊರಗಡೆ ಮಿಕ್ಕ ತುಂಡಿನಿಂದ ಆರಿಂಚಿನ ಜಗಲಿ ಕೊಡಿ. ಒಳಗೋಡೆಗೆ, ಬಾಗಿಲಿಂದ ತಳದವರೆಗೆ, ಚಾಕುವಿನಲ್ಲಿ ಅಡ್ಡಗೀರು ಹಾಕಿ, ಮರಿ ಹತ್ತಲು ಹಿಡಿತ ಸಿಗುತ್ತದೆ. ತಳಕ್ಕೆ 6 ಮಿ.ಮೀ. ತೂತು ಐದಾರು, ಸೂರಿನ ಕೆಳಗೆ ಎರಡೂ ಪಕ್ಕ ಗಾಳಿಗೆ ನಾಲ್ಕು ನಾಲ್ಕು. ಒಂದು ಪಕ್ಕದ ಹಲಗೆಗೆ ಕೀಲು ಮತ್ತು ಚಿಲಕ ಹಾಕಿ, ವರ್ಷಕ್ಕೊಮ್ಮೆ ಸ್ವಚ್ಛ ಮಾಡಲು ಬೇಕಾಗುತ್ತದೆ. ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಹೊರಗೆ ಬಿಳಿ ಅಥವಾ ತಿಳಿ ಬಣ್ಣ. ಗೂಬೆ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಬರೀ ಹಲಗೆಯ ಮೇಲೆ ಮೊಟ್ಟೆ ಉರುಳುತ್ತದೆ. ಅದಕ್ಕೆ ಬಡಗಿಯ ಉಜ್ಜುಗೊರಡಿನಿಂದ ಬಂದ ಒಣ ಸಿಪ್ಪೆಯನ್ನು ಎರಡಿಂಚು ಹರಡಿ. ಗರಗಸದ ನುಣ್ಣನೆ ಹೊಟ್ಟು ಬೇಡ, ಮರಿಗಳ ಮೂಗಿಗೆ ಹೋಗುತ್ತದೆ.

ಪಾವಗಡದ ಬಿಸಿಲಿಗೆ ಒಂದೇ ಚಾವಣಿ ಸಾಲದು. ಮೇಲಿನ ಹಲಗೆಯಿಂದ ಎರಡಿಂಚು ಎತ್ತರದಲ್ಲಿ ಎರಡನೆಯದೊಂದು ಹಲಗೆಯೋ ತಗಡೋ ಹೊಡೆದು ನಡುವೆ ಗಾಳಿಯಾಡಲು ಬಿಡಿ. ಮುಂದಕ್ಕೆ ಆರಿಂಚು ಚಾಚಿರಲಿ. ಮುಖ ಉತ್ತರಕ್ಕೋ ಈಶಾನ್ಯಕ್ಕೋ ಇಡಿ: ಮುಂಗಾರಿನ ಗಾಳಿ ನೈಋತ್ಯದಿಂದ ಹೊಡೆಯುತ್ತದೆ, ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ. ಕೋಲಾರ, ಚಿಂತಾಮಣಿ ಕಡೆ ಅಕ್ಟೋಬರ್, ನವೆಂಬರಿನ ಮಳೆ ಪೂರ್ವದಿಂದಲೂ ಎರಚುವುದರಿಂದ ಅಲ್ಲಿ ಉತ್ತರವೇ ವಾಸಿ.

ಎಲ್ಲಿ ಕಟ್ಟಬೇಕು

ನೆಲದಿಂದ ಹದಿನೈದು ಅಡಿ, ಎದುರಿಗೆ ಹಾರಿಬರಲು ಬಯಲು. ಆಲ, ಅರಳಿ, ದೊಡ್ಡ ಹೊಂಗೆ ಒಳ್ಳೆಯದು. ಹುಣಸೆಮರ ನಮ್ಮ ಕಡೆ ಬೇಕಾದಷ್ಟಿದ್ದರೂ ಜನವರಿಯಿಂದ ಮಾರ್ಚ್‌ವರೆಗೆ ಹಣ್ಣು ಬಡಿಯುತ್ತಾರೆ. ಮೊಟ್ಟೆಮರಿಗಳಿರಬಹುದಾದ ಹೊತ್ತಿನಲ್ಲಿ ಗಳು ಬೀಸಿದರೆ ತಾಯಿ ಗೂಡು ಬಿಟ್ಟು ಹೋಗುತ್ತದೆ. ಹಾಗಾಗಿ ಗುತ್ತಿಗೆಗೆ ಕೊಡದ ಮರ ಆರಿಸಿ. ತಿಪಟೂರು, ಗುಬ್ಬಿಯ ತೋಟದವರು ತೆಂಗಿಗೇ ಕಟ್ಟಲು ಹೋಗುತ್ತಾರೆ, ಅದೂ ಬೇಡ. ಗಾಳಿಗೆ ಮರ ತೂಗುತ್ತದೆ, ಕಾಯಿ ಕೀಳುವವರು ಆಗಾಗ ಹತ್ತಿ ಇಳಿಯುತ್ತಾರೆ. ತೋಟದ ಅಂಚಿನಲ್ಲಿ ಕಲ್ಲುಕಂಬ ಅಥವಾ ಕಬ್ಬಿಣದ ಪೈಪು ನೆಟ್ಟು ಕೂರಿಸಿ. ಮರವಾಗಲಿ ಕಂಬವಾಗಲಿ, ನೆಲದಿಂದ ಐದಡಿ ಮೇಲೆ ಎರಡಡಿ ಅಗಲದ ನುಣುಪು ತಗಡು ಸುತ್ತಿದರೆ ಬೆಕ್ಕು, ಕೇರೆಹಾವು ಹತ್ತುವುದು ಕಷ್ಟ. ಪಕ್ಕದ ಕೊಂಬೆಯಿಂದ ದಾಟಿ ಬರುವಂತಿದ್ದರೆ ಆ ಕೊಂಬೆಯನ್ನು ಸವರಿ.

ಐದಾರು ಎಕರೆಗೆ ಒಂದು ಪೆಟ್ಟಿಗೆ. ಬೇಸಿಗೆಯಲ್ಲೇ ಏರಿಸಿಬಿಡಿ, ಬೆಳೆ ಬಂದ ಮೇಲೆ ಕಟ್ಟಿ ಆ ವರ್ಷವೇ ಫಲ ಕೇಳಬೇಡಿ. ಗೂಬೆ ಒಂದು ತಿಂಗಳಿಗೂ ಬರಬಹುದು, ಎರಡು ವರ್ಷಕ್ಕೂ ಬರಬಹುದು. ಅಷ್ಟರಲ್ಲಿ ತುಡುವೆ ಜೇನು, ಮೈನಾ ಅಥವಾ ಅಳಿಲು ಸೇರಿಕೊಂಡಿದ್ದರೆ ಆಶ್ಚರ್ಯವಿಲ್ಲ. ಜೇನಾದರೆ ಪೆಟ್ಟಿಗೆಯಲ್ಲಿ ಸಾಕುವವರಿಗೆ ಹೇಳಿ ಎತ್ತಿಸಿ, ಹೊಗೆ ಹಾಕಿ ಸುಡಬೇಡಿ.

ಪೆಟ್ಟಿಗೆ ಎಲ್ಲಿದೆ ಎಂದು ಫೋಟೋ ಸಮೇತ ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದರೆ ಮಾಟಮಂತ್ರದವರಿಗಾಗಿ ಗೂಬೆ ಹಿಡಿಯುವವರು ಹೆಚ್ಚುತ್ತಾರೆ. ಗೂಬೆ ಹಿಡಿಯುವುದು, ಸಾಕುವುದು, ಮೊಟ್ಟೆ ತೆಗೆಯುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಪಶಕುನವೆಂದು ತಕರಾರು ತೆಗೆಯುವ ಅಕ್ಕಪಕ್ಕದವರಿದ್ದರೆ ವಾದ ಮಾಡುವ ಬದಲು ಪೆಟ್ಟಿಗೆಯನ್ನು ಮನೆಗಳಿಂದ ದೂರ ಕಟ್ಟುವುದು ಲೇಸು. ಮರಿಗಳು ರಾತ್ರಿಯಿಡೀ ಬುಸುಗುಟ್ಟುವ ಸದ್ದಿಗೆ ಹಾವೆಂದು ಹೆದರುವವರೂ ಇದ್ದಾರೆ.

ಬಂದ ಮೇಲೆ

ಮರದ ಕೆಳಗೆ ಕಪ್ಪಗೆ ಮಿರುಗುವ, ಹೆಬ್ಬೆರಳಿಗಿಂತ ದಪ್ಪನೆಯ ಉಂಡೆಗಳು ಬಿದ್ದಿದ್ದರೆ ಗೂಬೆ ಬಂದಿದೆ. ಅದು ಹಿಕ್ಕೆಯಲ್ಲ; ಅರಗದ ಕೂದಲು, ಮೂಳೆಯನ್ನು ಗೂಬೆ ಬಾಯಿಂದ ಕಕ್ಕುತ್ತದೆ. ಉಗುರುಬೆಚ್ಚನೆ ನೀರಲ್ಲಿ ಅರ್ಧ ಗಂಟೆ ನೆನೆಸಿ ಕಡ್ಡಿಯಲ್ಲಿ ಬಿಡಿಸಿದರೆ ಬುರುಡೆಗಳು ಇಡಿಯಾಗಿ ಸಿಗುತ್ತವೆ. ಮುಂದೆ ಕಿತ್ತಳೆ ಬಣ್ಣದ ಉಳಿಯಂಥ ಹಲ್ಲು, ಹಿಂದೆ ಖಾಲಿ ಜಾಗ, ಆಮೇಲೆ ದವಡೆಹಲ್ಲು ಇದ್ದರೆ ಇಲಿ ಅಥವಾ ಹೆಗ್ಗಣ. ಉದ್ದ ಮೂತಿ, ಖಾಲಿ ಬಿಡದ ಚೂಪು ಹಲ್ಲಿನ ಸಾಲು ಇದ್ದರೆ ಸುಂಡಿಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಣಜ ಗೂಬೆ ನಾಲ್ಕರಿಂದ ಏಳು ಮೊಟ್ಟೆಯನ್ನು ಎರಡು ಮೂರು ದಿನಕ್ಕೊಂದರಂತೆ ಇಟ್ಟು, ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ದೊಡ್ಡದು, ಸಣ್ಣದು, ತೀರಾ ಪುಟ್ಟದು ಮೂರೂ ಇರುತ್ತವೆ. ಇಲಿ ಕಡಿಮೆಯಾದ ವರ್ಷ ಪುಟ್ಟದು ಸಾಯುತ್ತದೆ, ಅದಕ್ಕೆ ನೀವು ಮಾಡುವಂಥದ್ದು ಏನೂ ಇಲ್ಲ. ಕಾವಿಗೆ ಒಂದು ತಿಂಗಳು, ಹಾರಲು ಇನ್ನೆರಡು ತಿಂಗಳು ಹಿಡಿಯುತ್ತದೆ. ಕೆಳಗೆ ಬಿದ್ದ ಮರಿಯನ್ನು ವಾಪಸು ಬಿಡಲು ಹೊರತು, ಆ ಮೂರು ತಿಂಗಳು ಏಣಿ ಹಾಕಬೇಡಿ. ಮರಿಗಳು ಹಾರಿ ಹೋಗಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಕಸ ತೆಗೆದು ಹೊಸ ಸಿಪ್ಪೆ ಹಾಕಿ.

ಪೆಟ್ಟಿಗೆಯ ಆಸುಪಾಸಿನಲ್ಲಿ ಎರಡು ಅಪಾಯ ಗಮನಿಸಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ನೀರಿಗಿಳಿದ ಹಕ್ಕಿ ಹತ್ತಿ ಬರಲಾರದು. ನಾಲ್ಕೂ ಮೂಲೆಯಲ್ಲಿ ದಪ್ಪ ಹಗ್ಗದ ಬಲೆಯನ್ನೋ ಗೋಣಿತಾಟನ್ನೋ ನೀರಿನವರೆಗೆ ಇಳಿಬಿಡಿ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಂತೆ ಬಲೆ ಹೊದಿಸಿದ್ದರೆ ಅದು ಬಿಗಿಯಾಗಿರಲಿ. ಜೋಲುವ, ಕೂದಲೆಳೆಯಂಥ ನೈಲಾನ್ ಬಲೆಗೆ ಗೂಬೆ, ಬಿಜ್ಜು ಎಂಬ ಸಣ್ಣ ಬೇಟೆಹಕ್ಕಿ ಸಿಕ್ಕಿಬೀಳುತ್ತವೆ.

ಕೊಂಬಿನಂತೆ ಕಿವಿಗರಿ ಇರುವ ದೊಡ್ಡ ಗೂಬೆ ಪೆಟ್ಟಿಗೆಗೆ ಬರುವುದಲ್ಲ. ಅದು ಬಂಡೆಯ ಚಾಚು, ಹಳೆಯ ಕ್ವಾರಿ, ಹಳ್ಳದ ದಂಡೆಯಲ್ಲಿ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಹೊಲದ ಪಕ್ಕ ಅಂಥ ಜಾಗವಿದ್ದರೆ ಅಲ್ಲಿಗೆ ಹೋಗದಿರುವುದೇ ಸಹಾಯ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶದಂಥ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಉತ್ತರದಿಂದ ಹ್ಯಾರಿಯರ್ ಹದ್ದುಗಳು ಬರುತ್ತವೆ, ರಾತ್ರಿ ಮಲಗುವುದು ಹುಲ್ಲಿನ ನಡುವೆ ನೆಲದ ಮೇಲೆ. ನವೆಂಬರಿನಿಂದ ಮಾರ್ಚ್‌ವರೆಗೆ ಬದುವಿನ ಹುಲ್ಲಿಗೆ ಬೆಂಕಿಯಿಡಬೇಡಿ.

ಹಕ್ಕಿ ನೆಲಕ್ಕೆ ಬಿದ್ದಿದ್ದರೆ

ಗರಿ ಬಂದ ಮರಿಗೆ ಗಾಯವಿಲ್ಲದಿದ್ದರೆ ಪೆಟ್ಟಿಗೆಗೇ ವಾಪಸು ಬಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು.

ಗಾಯವಾಗಿದ್ದರೆ ದಪ್ಪ ಟವೆಲನ್ನು ತಲೆ ಸಮೇತ ಮೇಲೆ ಹೊದಿಸಿ, ರೆಕ್ಕೆ ಮೈಗೆ ಒತ್ತಿದಂತೆ ಹಿಡಿಯಿರಿ. ಹೆದರಬೇಕಾದ್ದು ಕೊಕ್ಕಿಗಿಂತ ಉಗುರಿಗೆ, ಎರಡೂ ಕಾಲು ನಿಮ್ಮ ಹಿಡಿತದಲ್ಲಿರಲಿ. ಗಾಳಿಯಾಡುವ ತೂತಿರುವ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ, ಕತ್ತಲಾದ ತಂಪು ಜಾಗದಲ್ಲಿಡಿ. ತಂತಿಯ ಪಂಜರ ಬೇಡ, ಗರಿ ಮುರಿಯುತ್ತದೆ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಹಾಲು, ಅನ್ನ, ಬ್ರೆಡ್ ಕೊಡಲೇಬಾರದು. ಆಷಾಢದ ಗಾಳಿಪಟದ ಕಾಲದಲ್ಲಿ ಮಾಂಜಾ ಸಿಕ್ಕಿಕೊಂಡು ನೇತಾಡುವ ಹದ್ದಾದರೆ, ಮರಕ್ಕೆ ಕಟ್ಟಿಕೊಂಡ ದಾರವನ್ನು ಮಾತ್ರ ಕತ್ತರಿಸಿ. ಮಾಂಸದೊಳಗೆ ಕೂತ ದಾರವನ್ನು ಎಳೆದರೆ ರೆಕ್ಕೆಯ ನರವೇ ಹರಿಯುತ್ತದೆ, ಅದನ್ನು ವೈದ್ಯರು ತೆಗೆಯಲಿ.

ಆಮೇಲೆ ವಲಯ ಅರಣ್ಯಾಧಿಕಾರಿ ಕಚೇರಿಗೆ, ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಹಕ್ಕಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕಡೆಗೆ ಕಳಿಸುತ್ತಾರೆ. ಡಬ್ಬದ ಮೇಲೆ ಊರು, ಹೊಲ, ಸಿಕ್ಕ ದಿನ, ಹೊತ್ತು ಬರೆದು ಅಂಟಿಸಿ. ವಾಸಿಯಾದ ಹಕ್ಕಿಯನ್ನು ತಂದು ಬಿಡಬೇಕಾದ್ದು ಸಿಕ್ಕ ಜಾಗದಲ್ಲೇ.