ಡಾಲರ್ ಬಿಟ್ಟು ವ್ಯಾಪಾರ ಅನ್ನೋ ಸುದ್ದಿನ ಹೇಗೆ ಓದ್ಬೇಕು

ಡಾಲರ್ ಕಥೆ ಮುಗೀತು ಅಂತ ಹೆಡ್‌ಲೈನ್ ನೋಡಿದ ತಕ್ಷಣ ನಂಬ್ಬೇಡಿ, ಮೊದ್ಲು ಅದು ಯಾವುದರ ಬಗ್ಗೆ ಅಂತ ನೋಡಿ, ಬಿಲ್ ಹಾಕೋ ಕರೆನ್ಸಿನಾ, ದುಡ್ಡು ಕಳಿಸೋ ದಾರಿನಾ, ಇಲ್ಲ ಸೆಂಟ್ರಲ್ ಬ್ಯಾಂಕ್ ಕೂಡಿಡೋ ರಿಸರ್ವಾ, ಮೂರೂ ಬೇರೆ ಬೇರೆ. 2015ರಲ್ಲಿ ಚೀನಾ ಶುರು ಮಾಡಿದ ಸಿಐಪಿಎಸ್, ಅಂದ್ರೆ ಅವ್ರ ಕರೆನ್ಸಿ ಯುವಾನ್‌ನ ದೇಶದಿಂದ ದೇಶಕ್ಕೆ ಕಳಿಸೋ ವ್ಯವಸ್ಥೆ, ಬರೀ ದುಡ್ಡು ಕಳಿಸೋ ದಾರಿ ಅಷ್ಟೇ, ಹೊಸ ಕರೆನ್ಸಿ ಅಲ್ಲ.

ಆಮೇಲೆ ಕೇಳ್ಬೇಕಾದ್ದು, ಡಾಲರ್ ಬದ್ಲು ಬೇರೆ ಕರೆನ್ಸಿಲಿ ಬಂದ ದುಡ್ಡಲ್ಲಿ ಮಾರಿದವ್ರು ಏನ್ ತಗೋತಾರೆ? 2022ರ ನಂತ್ರ ಭಾರತ ರಷ್ಯಾದಿಂದ ಕಚ್ಚಾ ತೈಲ ತುಂಬಾ ತಗೊಳ್ತು, ಆದ್ರೆ ಅವ್ರಿಗೆ ಮಾರಿದ್ದು ಕಮ್ಮಿ, ಹಾಗಾಗಿ ರಷ್ಯಾದವ್ರಿಗೆ ಬಂದ ರೂಪಾಯಿ ಖರ್ಚಾಗ್ದೆ ಇಲ್ಲಿನ ಬ್ಯಾಂಕಲ್ಲೇ ಕೂತ್ಕೊಳ್ತು. ನನ್ ಪ್ರಕಾರ ಅಸಲಿ ತೊಡಕು ಇದೇ, ರಾಜಕೀಯ ಎಲ್ಲ ಆಮೇಲೆ.

ಕೊನೆಗೆ ಐಎಂಎಫ್‌ನ ರಿಸರ್ವ್ ಅಂಕಿ ನೋಡಿ, 2000ದ ಹೊತ್ತಿಗೆ ಪ್ರಪಂಚದ ಸೆಂಟ್ರಲ್ ಬ್ಯಾಂಕ್‌ಗಳ ವಿದೇಶಿ ಕರೆನ್ಸಿ ರಿಸರ್ವಲ್ಲಿ ಡಾಲರ್ ಪಾಲು ಸುಮಾರು 70% ಇತ್ತು, 2024ರಲ್ಲಿ 58% ಹತ್ರ. ಇಳೀತಿದೆ, ಆದ್ರೆ ನಿಧಾನಕ್ಕೆ.