ಹಳೇ ಯುಎಸ್‌ಬಿ ಮೀಟರ್‌ಗೆ ಡ್ರೈವರ್ ನೀವೇ ಬರೆಯಬಹುದು
ಮೂಡಿಗೆರೆಯ ನಮ್ಮ ತೋಟದಲ್ಲಿ ಕಾಫಿ ಬೀಜದ ತೇವ ಅಳೆಯುವ ಹಳೇ ಯುಎಸ್‌ಬಿ ಮೀಟರ್ ಇದೆ. ಅದರ ಸಾಫ್ಟ್‌ವೇರ್ ಹೊಸ ಕಂಪ್ಯೂಟರ್‌ನಲ್ಲಿ ಓಡಲಿಲ್ಲ. ಇದಕ್ಕೆಲ್ಲ ಸುಮ್ನೆ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಕೈ ಹಾಕಬೇಡಿ, ಲಿನಕ್ಸ್‌ನಲ್ಲಿ ಲಿಬ್‌ಯುಎಸ್‌ಬಿ ಸಾಕು. ಸಾಮಾನ್ಯ ಪ್ರೋಗ್ರಾಂನಿಂದಲೇ ಯುಎಸ್‌ಬಿ ಸಾಧನದ ಜೊತೆ ಮಾತಾಡಲು ಬಿಡುವ ಲೈಬ್ರರಿ ಅದು.

ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟು ಮೀಟರ್‌ನ ವೆಂಡರ್, ಪ್ರಾಡಕ್ಟ್ ನಂಬರ್ ಬರೆದುಕೊಳ್ಳಿ. ನಾನು ಜಾಸ್ತಿ ಒದ್ದಾಡಿದ್ದು ಎರಡು ಎರರ್ ಜೊತೆ. ಮೈನಸ್ 3 ಬಂದರೆ ಪರ್ಮಿಷನ್ ಇಲ್ಲ ಅಂತ. ಆ ನಂಬರ್‌ಗಳಿಗೆ ಯೂಡೆವ್ ರೂಲ್ (ಸಾಧನವನ್ನು ಯಾರು ಬಳಸಬಹುದು ಅಂತ ಲಿನಕ್ಸ್‌ಗೆ ಹೇಳುವ ನಿಯಮ) ಒಂದು ಸಾಲು ಬರೆದು, ಕೇಬಲ್ ತೆಗೆದು ಮತ್ತೆ ಹಾಕಿ. ಪ್ರತಿ ಸಲ ಸುಡೋ ಹೊಡೆದು ಅಡ್ಮಿನ್ ಆಗಿ ಓಡಿಸುವ ಚಟ ಬೇಡ. ಮೈನಸ್ 6 ಬಂದರೆ ಬೇರೆ ಯಾರೋ, ಬಹಳ ಸಲ ಕರ್ನಲ್‌ನ ಡ್ರೈವರೇ, ಅದನ್ನು ಹಿಡಿದು ಕೂತಿದೆ. ಕರ್ನಲ್‌ನ ಡ್ರೈವರನ್ನು ತಾನಾಗಿ ಬಿಡಿಸುವ ಲಿಬ್‌ಯುಎಸ್‌ಬಿಯ ಆಟೋ ಡಿಟ್ಯಾಚ್ ಆನ್ ಮಾಡಿ, ಆಮೇಲೆ ಇಂಟರ್‌ಫೇಸ್ ಕ್ಲೇಮ್ ಮಾಡಿ, ಅಂದರೆ ಅದನ್ನು ನಿಮ್ಮ ಪ್ರೋಗ್ರಾಂ ಹಿಡಿತಕ್ಕೆ ತಗೊಳ್ಳಿ.

ಟೈಮ್‌ಔಟ್‌ಗೆ ಸೊನ್ನೆ ಕೊಟ್ಟರೆ ಮೀಟರ್ ಉತ್ತರಿಸುವವರೆಗೂ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ನಾನು 1000 ಮಿಲಿಸೆಕೆಂಡ್ ಇಟ್ಟಿದ್ದೇನೆ. ವಿಂಡೋಸ್‌ನವರು ಝಾಡಿಗ್ ಅನ್ನೋ ಟೂಲ್‌ನಿಂದ ಮೀಟರ್‌ಗೆ ವಿನ್‌ಯುಎಸ್‌ಬಿ ಡ್ರೈವರ್ ಹಾಕಿಕೊಳ್ಳಿ.