ಬೆಲೆ ಚೀಟಿ ಕೊನೆಗೆ ನೋಡ್ರಿ

ಹೋದ ಆಷಾಢದಲ್ಲಿ ಸೊಸೆಯನ್ನು ಕರೆದುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಸೇಲ್ ನಡೆದಿದ್ದ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅವಳು ಹ್ಯಾಂಗರಿನಿಂದ ಒಂದೊಂದೇ ಕುರ್ತಾ ತೆಗೆದು, ಕೊರಳ ಹಿಂದೆ ತೂಗುವ ಚೀಟಿ ತಿರುಗಿಸಿ ನೋಡತೊಡಗಿದಳು. "ಅತ್ತಿ, ಇಲ್ಲಿ ನೋಡ್ರಿ, 1,499ರದ್ದು 599ಕ್ಕ ಅದ!" ಅಂದಳು. ನಾನು ಆ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿದೆ. "ಚೀಟಿನೇ ಇಲ್ಲಂತ ತಿಳ್ಕೊ ಯವ್ವಾ. ಈ ಅರಿವಿಗಿ ನೀ ಎಷ್ಟು ಕೊಡ್ತಿ?" ಎಂದು ಕೇಳಿದೆ. ಆಗ ಅವಳು ಮೊದಲ ಸಲ ಅರಿವಿ ಮುಟ್ಟಿ ನೋಡಿದಳು. ತೋಳಿನ ಹೊಲಿಗೆ ಎಳೆದಳು, ಒಳಮೈ ತಿರುಗಿಸಿದಳು. "ಮುನ್ನೂರು" ಅಂದಳು. ಮುನ್ನೂರರ ಅರಿವಿಗೆ ಆರುನೂರು ಯಾರು ಕೊಡುತ್ತಾರೆ? ಕುರ್ತಾ ಹ್ಯಾಂಗರಿಗೆ ಮರಳಿತು.

ಇದು ನನ್ನ ಅತ್ತೆಯವರಿಂದ ನನಗೆ ಬಂದ ರೂಢಿ. ಲಗ್ನದ ಅರಿವಿಗೆಂದು ಕಪಡಾ ಬಜಾರಕ್ಕೆ ಹೋದರೆ ಅವರು ದುಕಾನದ ಗಾದಿಯ ಮೇಲೆ ಕುಳಿತು ಮೊದಲು ಸೀರೆಯ ಅಂಚು ಬೆರಳ ನಡುವೆ ಉಜ್ಜುತ್ತಿದ್ದರು, ಬೆಳಕಿಗೆ ಹಿಡಿಯುತ್ತಿದ್ದರು, ಮನಸ್ಸಿನಲ್ಲೇ ಒಂದು ಬೆಲೆ ಕಟ್ಟುತ್ತಿದ್ದರು. ಅದಾದ ಮೇಲೆಯೇ "ಎಷ್ಟಪ್ಪಾ?" ಎಂಬ ಮಾತು. ಈಗಿನ ದೊಡ್ಡ ಅಂಗಡಿಗಳಲ್ಲಿ ಚೌಕಾಸಿಗೆ ಜಾಗ ಇಲ್ಲ, ಖರೆ. ಆದರೆ ಮನಸ್ಸಿನಲ್ಲಿ ಬೆಲೆ ಕಟ್ಟುವುದನ್ನು ಯಾರೂ ತಡೆದಿಲ್ಲ. ಹಳೆಯ ಬೆಲೆಗೆ ಗೀಟು ಹಾಕಿ ಹೊಸದನ್ನು ಕೆಂಪಕ್ಷರದಲ್ಲಿ ಬರೆಯುವುದೇ ನಾವು ಆ ಹಳೆ ಬೆಲೆಯಿಂದ ಲೆಕ್ಕ ಶುರು ಮಾಡಲಿ ಎಂದು. ಲೆಕ್ಕ ಅರಿವಿಯಿಂದ ಶುರುವಾಗಬೇಕು.

ನಮ್ಮ ಭಾಗದ ಮನೆಗಳಿಗೆ ಇನ್ನೊಂದು ತೊಡಕಿದೆ. ತೊಗರಿ ರಾಶಿಯಾಗಿ ರೊಕ್ಕ ಕೈಗೆ ಬರುವುದು ಸಂಕ್ರಮಣದ ಹಿಂದುಮುಂದೆ. ಅದರ ಬೆನ್ನಿಗೇ ಲಗ್ನ, ಹೋಳಿ, ಹೋಳಿಯ ಹಿಂದೆ ಶರಣಬಸವೇಶ್ವರ ಜಾತ್ರೆ, ಯುಗಾದಿ. ಆ ದಿನಗಳಲ್ಲಿ ಬಜಾರ ತುಂಬಿ ತುಳುಕುತ್ತದೆ, ಬೆಲೆ ಇಳಿಸುವ ದರ್ದು ಯಾವ ದುಕಾನದವರಿಗೂ ಇರುವುದಿಲ್ಲ. ಖರೆ ರಿಯಾಯಿತಿ ಬರುವುದು ಲಗ್ನಗಳಿಲ್ಲದ ಆಷಾಢದಲ್ಲಿ. ಆಗ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಫೀ ಎಂದು ನಮ್ಮ ಕೈ ಖಾಲಿ. ಹಾಗಾಗಿ ನಾನು ತೊಗರಿ ಮಾರಿದ ವಾರದಲ್ಲೇ ವರ್ಷದ ಅರಿವಿ-ಹಾಸಿಗೆಯ ರೊಕ್ಕದಲ್ಲಿ ಅರ್ಧ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇನೆ. ಡಬ್ಬಿಯೊಳಗೆ ಒಂದು ಹಾಳೆಯೂ ಇರುತ್ತದೆ. ಮನೆಯಲ್ಲಿ ಏನು ಹರಿದಿದೆ, ಯಾವುದು ಸಾಲುತ್ತಿಲ್ಲ ಎಂಬುದನ್ನು ನೆನಪಾದಾಗ ಅದರಲ್ಲಿ ಬರೆಯುತ್ತೇನೆ. ಆಷಾಢಕ್ಕೆ ಆ ಹಾಳೆ ಹಿಡಿದುಕೊಂಡೇ ಹೋಗುವುದು. ಸಂಬಳದ ಮನೆಯವರಿಗೂ ಇದನ್ನೇ ಹೇಳುತ್ತೇನೆ. ತಿಂಗಳಿಗೆ ಇಷ್ಟೆಂದು ಎತ್ತಿಟ್ಟರೆ ಸಾಕು.

ಈಗ ಬೋರ್ಡಿನ ಲೆಕ್ಕ. "50% + 20%" ಎಂದು ಬರೆದಿದ್ದರೆ ಅದು ಎಪ್ಪತ್ತಲ್ಲ. ಸಾವಿರದ ಅಂಗಿ ಮೊದಲು ಐನೂರಾಗುತ್ತದೆ, ಆ ಐನೂರರಲ್ಲಿ ಇಪ್ಪತ್ತು ಪರ್ಸೆಂಟ್, ಅಂದರೆ ನೂರು ಕಡಿಮೆ. ನೀವು ಕೊಡುವುದು 400. "ಎರಡು ಕೊಂಡರೆ ಒಂದು ಉಚಿತ" ಎಂಬಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಕಡಿಮೆ ಬೆಲೆಯದ್ದೇ ಉಚಿತವಾಗುತ್ತದೆ, ಆದ್ದರಿಂದ ಮೂರನ್ನೂ ಒಂದೇ ಬೆಲೆಯವನ್ನು ಆರಿಸಿ. ಮನೆಯಲ್ಲಿ ಮೂರು ಬೇಕಿಲ್ಲದಿದ್ದರೆ ಆ ಕಡೆ ಹೋಗಲೇಬೇಡಿ. ಚೀಟಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಎಂಆರ್‌ಪಿಯ ಮೇಲೆ ರಿಯಾಯಿತಿ ತೋರಿಸಿ, ಬಿಲ್ ಮಾಡುವಾಗ "ಜಿಎಸ್‌ಟಿ ಬೇರೆ" ಎಂದರೆ ಸುಮ್ಮನಿರಬೇಡಿ. ಹಾಗೆ ಇಳಿಸಿದ ಬೆಲೆಗೆ ಮತ್ತೆ ತೆರಿಗೆ ಕೂಡಿಸುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದರ ಮೇಲಿನದಕ್ಕೆ ಶೇ. 18. ಈ ಲೆಕ್ಕ ಮಾರಿದ ಬೆಲೆಗೆ. ಮೂರು ಸಾವಿರದ ಶೇರ್ವಾನಿ 2,400ಕ್ಕೆ ಕೊಟ್ಟರೆ ಬಿಲ್ಲಿನಲ್ಲಿ ಶೇ. 5 ಕಾಣಬೇಕು.

ಅರಿವಿ ನೋಡುವ ಬಗೆಯನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಉಳಿತಾಯ ಇರುವುದು ಇಲ್ಲಿ. ಮೊದಲು ಮುಷ್ಟಿಯಲ್ಲಿ ಹಿಂಡಿ ಹತ್ತು ಎಣಿಸಿ ಬಿಡಿ. ಸುಕ್ಕು ಉಳಿದರೆ ಹತ್ತಿ ಹೆಚ್ಚಿದೆ, ಪುಟಿದು ಮೊದಲಿನಂತಾದರೆ ಪಾಲಿಯೆಸ್ಟರ್ ಹೆಚ್ಚಿದೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಪಾಲಿಯೆಸ್ಟರ್ ಎಷ್ಟು ಸೋವಿಗೆ ಸಿಕ್ಕರೂ ಮೈಮೇಲೆ ನಿಲ್ಲುವುದಿಲ್ಲ, ಅಲಮಾರಿಯಲ್ಲೇ ಉಳಿಯುತ್ತದೆ. ಆಮೇಲೆ ಒಳಮೈ ತಿರುಗಿಸಿ. ಹೊಲಿಗೆಯ ಆಚೆ ಅರ್ಧ ಇಂಚಾದರೂ ಅರಿವಿ ಬಿಟ್ಟಿದ್ದರೆ ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು. ಅಂಚಿಗೇ ಹೊಲಿದಿದ್ದರೆ ಎರಡು ತಿಂಗಳಲ್ಲಿ ಬಾಯಿ ಬಿಡುತ್ತದೆ. ಹೊಲಿಗೆಯ ಎರಡೂ ಬದಿ ಹಿಡಿದು ಸ್ವಲ್ಪ ಎಳೆಯಿರಿ. ನಡುವೆ ಬೆಳಕು ಕಂಡರೆ ಬಿಟ್ಟುಬಿಡಿ. ಗೀಟು, ಚೌಕಡಿ ಇರುವ ಅಂಗಿಯಾದರೆ ಜೇಬಿನ ಗೀಟು ಎದೆಯ ಗೀಟಿಗೆ ಕೂಡಿದೆಯೋ ನೋಡಿ. ಕೂಡಿಸಿ ಹೊಲಿಯಲು ಅರಿವಿ ಹೆಚ್ಚು ಬೇಕು. ಅಲ್ಲಿ ಉಳಿಸದವರು ಉಳಿದ ಕಡೆಯೂ ಚಲೋ ಮಾಡಿರುತ್ತಾರೆ.

ಕೈಯಲ್ಲಿ ಒಂದು ಬಿಳಿ ದಸ್ತಿ ಇರಲಿ. ಅದನ್ನು ಸ್ವಲ್ಪ ಒದ್ದೆ ಮಾಡಿ ಅರಿವಿಯ ಒಳ ಅಂಚಿಗೆ ಉಜ್ಜಿದರೆ ಬಣ್ಣ ಬಿಡುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಕಾರ್ಖಾನೆಯಲ್ಲಿ ಬಣ್ಣ ಏರಿಸುವಾಗ ಉಪ್ಪು ಕೆಲಸಕ್ಕೆ ಬರುತ್ತದೆ. ನಮ್ಮ ಬಕೆಟ್ಟಿನಲ್ಲಿ ಬಿಡುವ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಆರಿಸಿದ್ದನ್ನು ಬಾಗಿಲ ಬಳಿಯ ಹಗಲು ಬೆಳಕಿಗೆ ತಂದು ಮಡಿಕೆಯ ಗೆರೆಯನ್ನು ನೋಡಿ. ಬಹಳ ದಿನ ಮಡಚಿಟ್ಟ ಮಾಲಿನಲ್ಲಿ ಆ ಗೆರೆ ಬಿಳಚಿರುತ್ತದೆ. ಒಳಗಿನ ದೀಪದಲ್ಲಿ ಅದು ಕಾಣುವುದಿಲ್ಲ.

ಎಲ್ಲ ದೋಷವೂ ಒಂದೇ ಅಲ್ಲ. ಗುಂಡಿ ಹೋದದ್ದು, ಕೆಳಮಡಿಕೆ ಬಿಚ್ಚಿದ್ದು, ಉದ್ದ ಜಾಸ್ತಿ ಇದ್ದದ್ದು ಇವನ್ನೆಲ್ಲ ಸಂತೋಷದಿಂದ ತನ್ನಿ, ಸೂಜಿ-ದಾರ ಮನೆಯಲ್ಲೇ ಇದೆ. ಟೀ ಶರ್ಟಿನ ಪಕ್ಕದ ಹೊಲಿಗೆ ಹೊಟ್ಟೆಯ ಕಡೆ ತಿರುಗಿದ್ದರೆ ಅದು ಯಾವ ಟೇಲರಿಗೂ ಸರಿಹೋಗುವುದಿಲ್ಲ, ಒಗೆದಷ್ಟೂ ತಿರುಗುತ್ತದೆ. ತಿರುಪ್ಪೂರಿನಿಂದ ಬರುವ ರಫ್ತು ಮಾಲು ಎಂದು ರಾಶಿ ಹಾಕಿರುತ್ತಾರಲ್ಲ, ಅದರಲ್ಲಿ ಒಳ್ಳೆಯದು ನಿಜವಾಗಿಯೂ ಸಿಗುತ್ತದೆ. ಆದರೆ ಲೇಬಲ್ ಕತ್ತರಿಸಿದ ಮಾತ್ರಕ್ಕೆ ಅದು ರಫ್ತಿನದ್ದಾಗುವುದಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಸೂಜಿತೂತು ಹುಡುಕಿಯೇ ಆರಿಸಿ.

ಹಾಸಿಗೆ ಅರಿವಿಯಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮಗಳ ಲಗ್ನಕ್ಕೆ ಬೀಗರು ಬರುತ್ತಾರೆಂದು, ಕಲ್ಯಾಣ ಮಂಟಪವೊಂದರಲ್ಲಿ ಮೂರು ದಿನದ ಮಟ್ಟಿಗೆ ಹಾಕಿದ್ದ ಸೇಲಿಗೆ ಹೋಗಿ "ಸೊಲ್ಲಾಪುರ ಚಾದರ" ಎಂದು ಆರು ತಂದೆ. ಗಡಿಬಿಡಿಯಲ್ಲಿ ಬೆಲೆಯೊಂದನ್ನೇ ನೋಡಿದ್ದೆ. ಮೇ ತಿಂಗಳ ರಾತ್ರಿ ಅವು ಮೈಗೆ ಅಂಟಿ ಬೀಗರು ಚಾಪೆ ಕೇಳಿದರು. ಒಗೆದಾಗ ನೀರೆಲ್ಲ ಕೆಂಪಾಗಿ ಜೊತೆಗಿದ್ದ ಬಿಳಿ ಧೋತರ ಹಾಳಾಯಿತು. ಬಿಲ್ ಕೊಟ್ಟಿರಲಿಲ್ಲ, ಮಂಟಪ ಖಾಲಿಯಾಗಿತ್ತು. ಆ ದಿನದ ಸಂಕಟ ಇನ್ನೂ ನೆನಪಿದೆ. ಸೊಲ್ಲಾಪುರ ನಮಗೆ ರೈಲಿನಲ್ಲಿ ಎರಡು ತಾಸಿನ ದಾರಿ, ಅಲ್ಲಿನ ಚಾದರಕ್ಕೆ ಜಿಐ, ಅಂದರೆ ಆ ಊರಿನದೇ ಮಾಲು ಎಂಬ ಸರ್ಕಾರಿ ಮಾನ್ಯತೆಯೂ ಇದೆ. ಆ ಚಾದರ ಹತ್ತಿ ನೂಲಿನದು, ಕೈಯಲ್ಲಿ ಹಿಡಿದರೆ ಭಾರ ಬರುತ್ತದೆ. ಚಿತ್ರ ನೇಯ್ಗೆಯಲ್ಲೇ ಇರುತ್ತದೆ, ಮೇಲೆ ಅಚ್ಚು ಹಾಕಿದ್ದಲ್ಲ. ಸಂಶಯ ಬಂದರೆ ಒಂದನ್ನೇ ಕೊಂಡು, ಮನೆಯಲ್ಲಿ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಉಳಿದವನ್ನು ಮರುದಿನ ಕೊಂಡರಾಯಿತು.

ಬೆಡ್‌ಶೀಟಿಗೆ ಹೋಗುವಾಗ ಅಳತೆ ಟೇಪು ಇಲ್ಲದೆ ಮನೆ ಬಿಡಬೇಡಿ. "ಡಬಲ್" ಎಂದು ಬರೆದದ್ದು ಬಹಳಷ್ಟು 90 ಇಂಚು ಅಗಲ, 100 ಇಂಚು ಉದ್ದ. ನಿಮ್ಮ ಗಾದಿ ಐದು ಅಡಿ ಅಗಲದ್ದಾದರೆ ಇದು ಸಾಕು, ಎರಡೂ ಬದಿಗೆ ಹದಿನೈದು ಇಂಚು ಇಳಿಯುತ್ತದೆ. ಆರು ಅಡಿಯ ಗಾದಿಯಾದರೆ ಬದಿಗೆ ಉಳಿಯುವುದು ಒಂಬತ್ತೇ ಇಂಚು. ಗಾದಿಯ ದಪ್ಪಕ್ಕೇ ಅದು ಮುಗಿದು, ಬೆಳಗಾಗುವುದರೊಳಗೆ ಕಿತ್ತು ಬರುತ್ತದೆ. ಅಂಥ ಮಂಚಕ್ಕೆ 108ಕ್ಕೆ 108 ಇಂಚಿನದೇ ಬೇಕು. ಹತ್ತಿ ಮೊದಲ ಒಗೆತಗಳಲ್ಲಿ ನೂರು ಇಂಚಿಗೆ ಮೂರರಿಂದ ಐದು ಇಂಚು ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟವೆಲಿನ ಮೇಲೆ ಜಿಎಸ್‌ಎಂ ಎಂದು, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು, ತೂಕ ಬರೆದಿರುತ್ತಾರೆ. ನಮ್ಮ ಬೋರಿನ ಗಡಸು ನೀರಿಗೆ ಬಹಳ ದಪ್ಪದ ಟವೆಲ್ ನಾಲ್ಕು ಒಗೆತಕ್ಕೆ ಹಲಗೆಯಂತಾಗುತ್ತದೆ. ನಾನು 400ರ ಆಸುಪಾಸಿನದನ್ನೇ ತರುತ್ತೇನೆ.

ಪಾತ್ರೆಗಳ ಮಾತು ಚಿಕ್ಕದು. ಬಜಾರದ ಪಾತ್ರೆ ಅಂಗಡಿಯಲ್ಲಿ ಸ್ಟೀಲನ್ನು ತೂಕದ ಮೇಲೆ ಕೊಡುತ್ತಾರೆ, ಸೇಲಿನ ಅಂಗಡಿಯಲ್ಲಿ ಒಂದಕ್ಕಿಷ್ಟು ಎಂದು. ಒಂದು ಬೋಗಾಣಿ ತೂಗಿ ನೋಡಿದರೆ ಯಾವುದು ಸೋವಿ ಎಂದು ಗೊತ್ತಾಗುತ್ತದೆ. ಅಯಸ್ಕಾಂತ ಹಿಡಿಯಲಿಲ್ಲ, ಆದ್ದರಿಂದ ಉತ್ತಮ ಸ್ಟೀಲ್ ಎಂದು ಹೇಳಿದರೆ ನಂಬಬೇಡಿ. ಉತ್ತಮ ದರ್ಜೆಯ 304 ನಂಬರಿನ ಸ್ಟೀಲ್ ಹೇಗೋ ಹಾಗೆ ಕಡಿಮೆ ದರ್ಜೆಯ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಉಪ್ಪಿನ ಪದಾರ್ಥ ಇಟ್ಟರೆ ಬೇಗ ಕಲೆ ಕಟ್ಟುತ್ತದೆ. ತವೆಯನ್ನು ಮೇಜಿನ ಮೇಲಿಟ್ಟು ತಿರುಗಿಸಿ, ಅಲುಗಾಡಿದರೆ ಬೇಡ. ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯ. ಗುರುತಿಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಒಲೆಯ ಮೇಲೆ ಇಡಬೇಡಿ, ಅಲ್ಲಿ ಜೀವದ ಪ್ರಶ್ನೆ ಇದೆ.

ಚಪ್ಪಲಿ, ಬೂಟು, ರೆಕ್ಸಿನ್ ಬ್ಯಾಗುಗಳಲ್ಲಿ ತಯಾರಾದ ತಿಂಗಳು-ವರ್ಷ ಹುಡುಕಿ. ಮೂರು-ನಾಲ್ಕು ವರ್ಷ ಗೋದಾಮಿನಲ್ಲಿದ್ದ ಬೂಟಿನ ಪಿಯು (ಒಂದು ಬಗೆಯ ಪ್ಲಾಸ್ಟಿಕ್) ಅಟ್ಟೆ ಹೊಸದಾಗಿಯೇ ಕಂಡರೂ ನಡೆಯತೊಡಗಿದಾಗ ಪುಡಿಯಾಗಿ ಉದುರುತ್ತದೆ. ಎಲಾಸ್ಟಿಕ್ ಕೂಡ ಹಾಗೆಯೇ, ಎಳೆದು ಬಿಟ್ಟಾಗ ಕರಕರ ಸದ್ದು ಬಂದರೆ ಒಳಗೆ ಸತ್ತಿದೆ ಎಂದರ್ಥ.

ಬಿಲ್ ಇಲ್ಲದೆ ಅಂಗಡಿಯಿಂದ ಹೊರಗೆ ಬರಬೇಡಿ. ಅದನ್ನು ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಯಾಕೆಂದರೆ ಆ ನುಣುಪು ಕಾಗದದ ಅಕ್ಷರ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಅಳಿಸುತ್ತದೆ. "ಸೇಲ್ ಮಾಲು ವಾಪಸ್ಸಿಲ್ಲ" ಎಂಬ ಫಲಕ ನೋಡಿ ಹೆದರಬೇಡಿ. ಮನಸ್ಸು ಬದಲಾಯಿತೆಂದು ಕೇಳಿದರೆ ಅವರು ಒಲ್ಲೆ ಎನ್ನಬಹುದು. ಮಾಲಿನಲ್ಲೇ ದೋಷವಿದ್ದರೆ ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ರೊಕ್ಕ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಬಿಲ್ ಕೊಡದಿರುವುದೂ ತಪ್ಪು. ಮೊದಲು ಮ್ಯಾನೇಜರ್ ಹತ್ತಿರ ಸಮಾಧಾನದಿಂದ ಮಾತಾಡಿ. ಆಗದಿದ್ದರೆ 1915ಕ್ಕೆ ಫೋನ್ ಹಚ್ಚಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮನೆಗೆ ತಂದ ದಿನವೇ ಎಲ್ಲವನ್ನೂ ಹಾಕಿ, ಹಾಸಿ ನೋಡಿ. ಚೀಟಿ ಕತ್ತರಿಸುವುದು ಅದಾದ ಮೇಲೆ.

ಈ ಸಲದ ಡಬ್ಬಿಯ ಹಾಳೆಯಲ್ಲಿ ನಾಲ್ಕು ಸಾಲು ಇವೆ: 108ರ ಬೆಡ್‌ಶೀಟ್ ಎರಡು, ಮೊಮ್ಮಗನಿಗೆ ಒಂದು ಸೈಜ್ ದೊಡ್ಡದಾದ ಬಿಳಿ ಅಂಗಿ, ಹಾಲು ಕಾಯಿಸುವ ಬೋಗಾಣಿ, ನಾಲ್ಕು ಟವೆಲು. ಐದನೆಯದನ್ನು ಸೊಸೆ ತಾನೇ ಬರೆದಿದ್ದಾಳೆ, "ಕುರ್ತಾ, ಹತ್ತಿದು, 400ರೊಳಗ." ಮಂಗಳವಾರ ಅಂಗಡಿ ತೆರೆಯುವ ಹೊತ್ತಿಗೆ ಹೋಗುವುದೆಂದು ಮಾತಾಗಿದೆ.